ಎದುರಿಗಿದ್ದ ಆನೆ ಕಾಣಲಿಲ್ಲ ಎಂದರೆ ನಂಬಬೇಕೆ?

ಕಾಫಿ ತೋಟದ ಕೆಲಸಕ್ಕೆ ಹೊರಟಿದ್ದ ಕಾರ್ಮಿಕರ ಮೇಲೆ ಕಾಡಾನೆ ದಾಳಿ ಮಾಡಿತು ಎಂಬ ಸುದ್ದಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಮತ್ತೆ ಮತ್ತೆ ಬರುತ್ತಿದೆ. ಒಮ್ಮೆ ಸಕಲೇಶಪುರ, ಒಮ್ಮೆ ಬೇಲೂರು, ಇನ್ನೊಮ್ಮೆ ಆಲೂರು ಅಥವಾ ಮೂಡಿಗೆರೆ. ತಾಲ್ಲೂಕು ಬದಲಾದರೂ ಸುದ್ದಿಯೊಳಗಿನ ಒಂದು ಸಾಲು ಹಾಗೆಯೇ ಉಳಿಯುತ್ತದೆ: ಗಿಡಗಳ ನಡುವೆ ನಿಂತಿದ್ದ ಆನೆ ಹತ್ತಿರ ಹೋಗುವವರೆಗೂ ಕಾಣಲಿಲ್ಲ. ತೋಟದ ದಾರಿಯಲ್ಲಿ ನಡೆದು ಅಭ್ಯಾಸವಿಲ್ಲದ ಓದುಗರಿಗೆ ಈ ಸಾಲು ಒಗಟಿನಂತೆ ತೋರುವುದು ಸಹಜ. ಒಂಬತ್ತು ಅಡಿ ಎತ್ತರದ, ನಾಲ್ಕು ಟನ್ ತೂಗುವ ಸಲಗ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿರುವಾಗ, ಕಣ್ಣು ನೆಟ್ಟಗಿರುವ ಮನುಷ್ಯನಿಗೆ ಅದು ಕಾಣಲಿಲ್ಲ ಎಂದರೆ ಹೇಗೆ?

ಒಗಟು ಬಿಡಿಸಲಾಗದಿದ್ದಾಗ ಅನುಮಾನ ಹುಟ್ಟುತ್ತದೆ. ಮೊಬೈಲ್ ನೋಡುತ್ತಿದ್ದರೇನೋ, ಎಚ್ಚರಿಕೆಯ ಸಂದೇಶ ಬಂದಿದ್ದರೂ ಲೆಕ್ಕಿಸದೆ ಹೋದರೇನೋ, ಕುಡಿದಿದ್ದರೇನೋ ಎಂಬ ಮಾತುಗಳು ಬರುತ್ತವೆ. ತೀರಿಕೊಂಡವರು ಇದಕ್ಕೆ ಉತ್ತರ ಕೊಡಲಾರರು. ಬದುಕಿ ಉಳಿದವರು ‘ನಿಜಕ್ಕೂ ಕಾಣಲಿಲ್ಲ’ ಎಂದರೆ ಅದು ನೆಪದಂತೆ ಕೇಳಿಸುತ್ತದೆ. ಆದರೆ ಕಣ್ಣು ಮತ್ತು ಗಮನದ ಬಗ್ಗೆ ಕಳೆದ ಐವತ್ತು ವರ್ಷಗಳಲ್ಲಿ ನಡೆದಿರುವ ಸಂಶೋಧನೆಯನ್ನು ಈ ಮಾತಿನ ಪಕ್ಕದಲ್ಲಿ ಇಟ್ಟು ನೋಡಿದರೆ, ಅದು ಬಹುಮಟ್ಟಿಗೆ ಸತ್ಯವಾದ ಸಾಕ್ಷ್ಯ ಎಂದು ಒಪ್ಪಬೇಕಾಗುತ್ತದೆ. ಒಪ್ಪಿದರೆ, ಎಚ್ಚರಿಕೆ ಕೊಡುವ ಈಗಿನ ಕ್ರಮವನ್ನೂ ಬದಲಿಸಬೇಕಾಗುತ್ತದೆ.

ತೋಟವೇ ಆನೆಯ ಹಗಲು

2023ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ. ಬಂಡೀಪುರ, ನಾಗರಹೊಳೆಯ ಆನೆಗಳಿಗೆ ದೊಡ್ಡ ಕಾಡಿದೆ. ಹಾಸನದ ಆನೆಗಳ ಸ್ಥಿತಿ ಬೇರೆ. ಅವು ಹಗಲನ್ನು ಕಳೆಯುವುದೇ ಕಾಫಿ ತೋಟಗಳಲ್ಲಿ ಮತ್ತು ತೋಟಗಳ ನಡುವೆ ಉಳಿದಿರುವ ಕಾಡಿನ ತುಣುಕುಗಳಲ್ಲಿ. ಅಲ್ಲಿ ನೆರಳಿದೆ, ಕೆರೆಯಿದೆ, ಹಲಸು ಮತ್ತು ಬೈನೆ ಇವೆ. ಕತ್ತಲಾದ ಮೇಲೆ ಇಳಿದು ಹೋದರೆ ಗದ್ದೆಯಲ್ಲಿ ಭತ್ತವಿದೆ. ಹೈಕೋರ್ಟ್ ಸೂಚನೆಯಂತೆ ರಚನೆಯಾಗಿ ಆನೆ ತಜ್ಞ ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ ಕೆಲಸ ಮಾಡಿದ ಸಮಿತಿ 2012ರ ವರದಿಯಲ್ಲಿ ಆಲೂರು ಭಾಗದ ಆನೆಗಳನ್ನು ಹಿಡಿದು ತೆರವು ಮಾಡಬೇಕೆಂದು ಹೇಳಿತ್ತು. ಅದರಂತೆ ಆನೆಗಳನ್ನು ಹಿಡಿದದ್ದೂ ಆಯಿತು. ಆದರೂ ತೋಟಗಳು ಖಾಲಿಯಾಗಿ ಉಳಿಯಲಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಇಂಥದೇ ಕಾರ್ಯಾಚರಣೆಯೊಂದರಲ್ಲಿ ದಸರಾ ಆನೆ ಅರ್ಜುನ ಕಾಡಾನೆಯೊಂದಿಗಿನ ಕಾದಾಟದಲ್ಲಿ ಸತ್ತದ್ದು ನಾಡಿಗೆಲ್ಲ ನೆನಪಿದೆ.

ಅಂದರೆ ಇಲ್ಲಿ ಜನ ಕಾಡಿಗೆ ಹೋಗಿ ಆನೆಗೆ ಎದುರಾಗುತ್ತಿಲ್ಲ. ಜನ ಮತ್ತು ಆನೆ ಒಂದೇ ತೋಟವನ್ನು ಹಂಚಿಕೊಂಡು ದಿನ ಕಳೆಯುತ್ತಿದ್ದಾರೆ. ಹೀಗಿರುವಾಗ ಯಾರು ಯಾರನ್ನು ಎಷ್ಟು ಮೊದಲು ಕಂಡರು ಎಂಬುದರ ಮೇಲೆ ಜೀವ ನಿಂತಿದೆ. ಏಷ್ಯಾದ ಆನೆಗಳ ಓಟವನ್ನು ಅಳೆದು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅವುಗಳ ಗರಿಷ್ಠ ವೇಗ ಗಂಟೆಗೆ ಸುಮಾರು 25 ಕಿಲೋಮೀಟರ್ ಎಂದು ಕಂಡುಬಂದಿತ್ತು. ಆ ವೇಗದಲ್ಲಿ ಐವತ್ತು ಅಡಿ ದಾಟಲು ಆನೆಗೆ ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಮಯ ಸಾಕು. ಐವತ್ತು ಅಡಿಯಲ್ಲಿ ಕಂಡದ್ದಕ್ಕೂ ಇನ್ನೂರು ಅಡಿಯಲ್ಲಿ ಕಂಡದ್ದಕ್ಕೂ ಇರುವ ಅಂತರ ಎಷ್ಟು ದೊಡ್ಡದು ಎಂಬುದು ಇದರಿಂದ ತಿಳಿಯುತ್ತದೆ.

ಬೇಲೂರಿನ ಗೋಡೆಯ ಮುಂದೆ ಒಂದು ಪರೀಕ್ಷೆ

ನಾವು ಕಣ್ಣು ತೆರೆದಾಗ ಎದುರಿನದೆಲ್ಲ ಒಂದೇ ಸ್ಪಷ್ಟತೆಯಲ್ಲಿ ಕಾಣುತ್ತಿದೆ ಎಂದು ಭಾವಿಸುತ್ತೇವೆ. ಇದು ಮಿದುಳು ಕೊಡುವ ಭರವಸೆ ಅಷ್ಟೆ. ಅಕ್ಷಿಪಟದ ನಡುವೆ ಇರುವ ಪುಟ್ಟ ಕುಳಿಯ ಭಾಗ ಮಾತ್ರ ಸೂಕ್ಷ್ಮ ವಿವರವನ್ನು ಹಿಡಿಯುತ್ತದೆ. ಕೈ ಚಾಚಿ ಹೆಬ್ಬೆರಳನ್ನು ನೋಡಿದರೆ ಅದರ ಉಗುರು ಆವರಿಸುವಷ್ಟು ಜಾಗ, ಅಂದರೆ ಒಂದೆರಡು ಡಿಗ್ರಿ, ಅದರ ಪಾಲು. ಉಳಿದದ್ದನ್ನು ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಬಾರಿ ಜಿಗಿಯುತ್ತಾ ತುಂಡು ತುಂಡಾಗಿ ಕೂಡಿಸಿಕೊಳ್ಳುತ್ತದೆ.

ಆದರೆ ಬದಿಯ ನೋಟ ಮಂದವಾಗಿರುವುದು ಸಮಸ್ಯೆಯ ಅರ್ಧ ಮಾತ್ರ. ಉಳಿದ ಅರ್ಧವನ್ನು ತಿಳಿಯಲು ಪ್ರಯೋಗಾಲಯ ಬೇಕಾಗಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದರೆ ಸಾಕು. ಅಲ್ಲಿನ ಹೊರಗೋಡೆಯ ಅತ್ಯಂತ ಕೆಳಗಿನ ಪಟ್ಟಿಯಲ್ಲಿ ಆನೆಗಳ ಸಾಲು ಒಂದರ ಹಿಂದೆ ಒಂದರಂತೆ ಗುಡಿಯನ್ನೇ ಸುತ್ತುವರಿದಿದೆ. ಯಾವುದಾದರೂ ಒಂದು ಆನೆಯ ಕಣ್ಣಿನ ಮೇಲೆ ದೃಷ್ಟಿ ನೆಟ್ಟು ನಿಲ್ಲಿ. ದೃಷ್ಟಿಯನ್ನು ಕದಲಿಸದೆ, ಅದರಿಂದ ನಾಲ್ಕನೆಯ ಆನೆಯ ಸೊಂಡಿಲು ಮೇಲಕ್ಕಿದೆಯೇ ಕೆಳಕ್ಕಿದೆಯೇ ಎಂದು ಹೇಳಲು ಪ್ರಯತ್ನಿಸಿ. ಅಲ್ಲಿ ಆನೆಗಳಿವೆ ಎಂಬುದು ತಿಳಿಯುತ್ತದೆ. ಕಲ್ಲಿನ ಉಬ್ಬು ತಗ್ಗು ತಿಳಿಯುತ್ತದೆ. ಸೊಂಡಿಲು ಯಾವುದು, ಮುಂದಿನ ಆನೆಯ ಬಾಲ ಯಾವುದು ಎಂಬುದು ಮಾತ್ರ ಕಲಸಿಹೋಗಿರುತ್ತದೆ. ಅದೇ ಅಳತೆಯ ಒಂದೇ ಒಂದು ಆನೆಯನ್ನು ಬರಿಯ ಗೋಡೆಯ ಮೇಲೆ, ಅಷ್ಟೇ ದೂರದಲ್ಲಿ ಕೆತ್ತಿದ್ದರೆ ಅದರ ಸೊಂಡಿಲನ್ನು ಬದಿಗಣ್ಣಿನಿಂದಲೇ ಹೇಳಬಹುದಿತ್ತು.

ಕಣ್ಣು ಎರಡು ಸಲವೂ ಅದೇ. ಬೆಳಕು ಅದೇ, ದೂರ ಅದೇ. ನೆರೆಯಲ್ಲಿ ಇನ್ನೊಂದು ವಸ್ತು ಇದ್ದದ್ದೇ ವ್ಯತ್ಯಾಸ. ಇದನ್ನು ದೃಷ್ಟಿ ವಿಜ್ಞಾನದಲ್ಲಿ ದಟ್ಟಣೆಯ ಪರಿಣಾಮ ಎನ್ನಬಹುದು. ನೆದರ್ಲೆಂಡ್ಸ್‌ನ ಹರ್ಮನ್ ಬೌಮಾ 1970ರಲ್ಲಿ ಅಕ್ಷರಗಳನ್ನು ಬಳಸಿ ಇದರ ಅಳತೆಯನ್ನು ಕಂಡುಕೊಂಡರು. ದೃಷ್ಟಿ ನೆಟ್ಟ ಬಿಂದುವಿನಿಂದ ಒಂದು ವಸ್ತು ಎಷ್ಟು ದೂರದಲ್ಲಿದೆಯೋ ಅದರ ಸುಮಾರು ಅರ್ಧದಷ್ಟು ಜಾಗ ಆ ವಸ್ತುವಿನ ಸುತ್ತ ಖಾಲಿ ಇರಬೇಕು. ಇಲ್ಲದಿದ್ದರೆ ಅದನ್ನು ಗುರುತಿಸಲಾಗದು. ವಸ್ತು ದೊಡ್ಡದಾಗಿದ್ದ ಮಾತ್ರಕ್ಕೆ ಈ ನಿಯಮದಿಂದ ವಿನಾಯಿತಿ ಸಿಗುವುದಿಲ್ಲ. ಖಾಲಿ ಜಾಗವೇ ಮುಖ್ಯ.

ಇದನ್ನು ತೋಟಕ್ಕೆ ತನ್ನಿ. ಚಾಚಿದ ಕೈಯ ಮುಷ್ಟಿ ಸುಮಾರು ಹತ್ತು ಡಿಗ್ರಿ ಆವರಿಸುತ್ತದೆ. ಐವತ್ತು ಅರುವತ್ತು ಅಡಿ ದೂರದಲ್ಲಿ ನಿಂತ ಆನೆಯ ಎತ್ತರವೂ ಕಣ್ಣಿಗೆ ಅಷ್ಟೇ, ಒಂದು ಮುಷ್ಟಿ. ಅದರ ಒಂದು ಕಾಲು ಇನ್ನೂ ತೆಳುವಾದ ಪಟ್ಟಿ. ಬೇರು, ಕಲ್ಲು, ಜಾರುವ ಇಳಿಜಾರು ಇರುವ ದಾರಿಯ ಮೇಲೆ ಕಣ್ಣಿಟ್ಟು ನಡೆಯುವವರಿಗೆ ಈ ಆನೆ ಇಪ್ಪತ್ತು ಡಿಗ್ರಿ ಬದಿಗಿದೆ ಎಂದುಕೊಳ್ಳೋಣ. ಅದು ಆನೆಯ ಕಾಲು ಎಂದು ತಿಳಿಯಬೇಕಾದರೆ ಅದರ ಸುತ್ತ ಒಂದು ಮುಷ್ಟಿಯಷ್ಟು ಬಯಲು ಇರಬೇಕು. ಕಾಫಿ ತೋಟದಲ್ಲಿ ಬಯಲು ಎಲ್ಲಿದೆ? ಸಿಲ್ವರ್ ಓಕ್‌ನ ಬೂದು ಕಾಂಡ, ಅದನ್ನು ತಬ್ಬಿದ ಮೆಣಸಿನ ಬಳ್ಳಿ, ಹಾಲುವಾಣ, ಆಳೆತ್ತರಕ್ಕೂ ಮೀರಿದ ರೊಬಸ್ಟಾ ಗಿಡ, ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆಗಳು. ಮಣ್ಣು ಮೆತ್ತಿಕೊಂಡ ಆನೆಯ ಕಾಲು ಈ ಕಂಬಗಳ ನಡುವೆ ಇನ್ನೊಂದು ಕಂಬವಾಗಿ ನಿಲ್ಲುತ್ತದೆ. ಇಡೀ ಆನೆ ಒಂದೇ ತುಂಡಾಗಿ ಕಾಣುವುದೇ ಇಲ್ಲ. ಇಲ್ಲೊಂದು ಕಾಲು, ಅಲ್ಲೊಂದು ಬೆನ್ನಿನ ಗೆರೆ, ಎಲೆಗಳ ಹಿಂದೆ ಅರ್ಧ ಕಿವಿ; ಪ್ರತಿ ತುಣುಕೂ ತನ್ನ ಪಕ್ಕದ ಮರದೊಡನೆ ಸ್ಪರ್ಧಿಸಬೇಕು. ಆನೆಯ ಗಾತ್ರದಿಂದ ನೋಡುವವರಿಗೆ ಸಿಗಬೇಕಾಗಿದ್ದ ಲಾಭ ಹೀಗೆ ಚೂರುಚೂರಾಗಿ ಕರಗಿಹೋಗುತ್ತದೆ.

ಒಂದೇ ಕೋಶಕ್ಕೆ ಹಲವು ಅರ್ಜಿದಾರರು

ನೆರೆಯ ವಸ್ತು ಯಾಕೆ ಅಡ್ಡಿಯಾಗಬೇಕು? ಇದಕ್ಕೆ ಕಾರಣ ಮಿದುಳಿನ ರಚನೆಯಲ್ಲಿದೆ. ದೃಷ್ಟಿಯ ಕೆಲಸ ಮಾಡುವ ಪ್ರತಿ ನರಕೋಶವೂ ನೋಟದ ಒಂದು ನಿರ್ದಿಷ್ಟ ವಲಯವನ್ನಷ್ಟೇ ನೋಡಿಕೊಳ್ಳುತ್ತದೆ. ಮೊದಲ ಹಂತದಲ್ಲಿ, ನೋಟದ ನಡುಭಾಗವನ್ನು ನೋಡಿಕೊಳ್ಳುವ ಕೋಶಗಳ ವಲಯ ಒಂದು ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ. ಅವು ಗೆರೆ, ಅಂಚು, ಬಣ್ಣವನ್ನು ಗುರುತಿಸುತ್ತವೆ. ಆ ಮಾಹಿತಿ ಮುಂದಿನ ಹಂತಗಳಿಗೆ ಹೋದಂತೆ ವಲಯ ದೊಡ್ಡದಾಗುತ್ತದೆ. ಆನೆ, ಮುಖ, ಮರ ಎಂದು ಇಡೀ ವಸ್ತುವನ್ನು ಗುರುತಿಸುವ ಹಂತದಲ್ಲಿ ಒಂದೇ ಕೋಶ ನೋಟದ ಬಹುದೊಡ್ಡ ಭಾಗದ ಹೊಣೆ ಹೊತ್ತಿರುತ್ತದೆ. ಅಷ್ಟು ದೊಡ್ಡ ವಲಯದೊಳಗೆ ಒಂದೇ ಸಲಕ್ಕೆ ಐದಾರು ವಸ್ತುಗಳು ಬೀಳುತ್ತವೆ. ಕೋಶದಿಂದ ಹೊರಡುವ ಉತ್ತರವಂತೂ ಒಂದೇ.

ಈ ಇಕ್ಕಟ್ಟಿನಲ್ಲಿ ಏನಾಗುತ್ತದೆ ಎಂಬುದನ್ನು ಜೆಫ್ರಿ ಮೊರಾನ್ ಮತ್ತು ರಾಬರ್ಟ್ ಡೆಸಿಮೋನ್ 1985ರಲ್ಲಿ ಕೋತಿಗಳ ಮಿದುಳಿನ ಕೋಶಗಳಿಂದಲೇ ಅಳೆದು ತೋರಿಸಿದರು. ಒಂದೇ ಕೋಶದ ವಲಯದೊಳಗೆ ಎರಡು ಗುರುತುಗಳನ್ನು ಇಟ್ಟರು. ಒಂದು, ಆ ಕೋಶ ಜೋರಾಗಿ ಸ್ಪಂದಿಸುವಂಥದ್ದು. ಇನ್ನೊಂದು, ಅದು ಹೆಚ್ಚುಕಡಿಮೆ ಕಡೆಗಣಿಸುವಂಥದ್ದು. ಕೋತಿಯ ಕಣ್ಣು ಕದಲುವಂತಿರಲಿಲ್ಲ, ಗಮನವನ್ನು ಮಾತ್ರ ಒಂದರಿಂದ ಇನ್ನೊಂದಕ್ಕೆ ಬದಲಿಸಬೇಕಿತ್ತು. ಕೋತಿ ಎರಡನೆಯದರ ಕಡೆಗೆ ಗಮನ ಕೊಟ್ಟಾಗ, ಮೊದಲನೆಯದು ಕಣ್ಣೆದುರೇ ಇದ್ದರೂ ಕೋಶದ ಸ್ಪಂದನ ಬಹಳವಾಗಿ ಕುಗ್ಗಿತು. ಗಮನ ಕೊಟ್ಟ ವಸ್ತುವಿನ ಸುತ್ತ ಆ ಕೋಶದ ವಲಯವೇ ಕುಗ್ಗಿಕೊಂಡು, ಪಕ್ಕದ ವಸ್ತು ಹೊರಗೆ ಉಳಿದಂತಾಯಿತು. ಬೆಳಕು ಕಣ್ಣಿಗೆ ತಲುಪುವುದೂ ವಸ್ತು ಕಾಣುವುದೂ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಕಷ್ಟ.

ಮನುಷ್ಯರಲ್ಲಿ ಇದರ ಪ್ರತಿರೂಪವನ್ನು ಸಬೀನ್ ಕಾಸ್ಟ್ನರ್ ಮತ್ತು ಸಂಗಡಿಗರು 1998ರಲ್ಲಿ ಎಂಆರ್‌ಐ ಯಂತ್ರದ ನೆರವಿನಿಂದ ಕಂಡರು. ನಾಲ್ಕು ಚಿತ್ರಗಳನ್ನು ಬದಿಯ ನೋಟದಲ್ಲಿ ಒಂದಾದ ಮೇಲೆ ಒಂದರಂತೆ ತೋರಿಸಿದಾಗ ಮಿದುಳಿನ ಸ್ಪಂದನ ಹೆಚ್ಚಿತ್ತು. ಅವೇ ನಾಲ್ಕನ್ನು ಒಟ್ಟಿಗೆ ತೋರಿಸಿದಾಗ ಸ್ಪಂದನ ತಗ್ಗಿತು. ಅವು ಒಂದನ್ನೊಂದು ಅದುಮುತ್ತಿದ್ದವು. ಒಂದು ಚಿತ್ರದ ಜಾಗಕ್ಕೆ ಗಮನ ಕೊಡಿ ಎಂದಾಗ ಆ ಅದುಮುವಿಕೆ ಸಡಿಲವಾಯಿತು. ಡೆಸಿಮೋನ್ ಮತ್ತು ಜಾನ್ ಡಂಕನ್ 1995ರಲ್ಲಿ ಮಂಡಿಸಿದ್ದ ಸಿದ್ಧಾಂತ ಇದನ್ನೇ ಮೊದಲೇ ಹೇಳಿತ್ತು. ನೋಟವೆಂದರೆ ವಸ್ತುಗಳ ನಡುವಿನ ಪೈಪೋಟಿ, ಗಮನವೆಂದರೆ ಆ ಪೈಪೋಟಿಯಲ್ಲಿ ಯಾರ ಕಡೆಗೆ ತಕ್ಕಡಿ ವಾಲಬೇಕೆಂದು ನಿರ್ಧರಿಸುವ ಪಕ್ಷಪಾತ.

ಪಕ್ಷಪಾತ ಎರಡು ಕಡೆಗಳಿಂದ ಬರುತ್ತದೆ. ವಸ್ತು ತಾನಾಗಿಯೇ ಎದ್ದು ಕಾಣುವಂಥದ್ದಾಗಿದ್ದರೆ, ಉದಾಹರಣೆಗೆ ಸುತ್ತಲೂ ಸ್ತಬ್ಧವಾಗಿರುವಾಗ ಅದೊಂದು ಅಲುಗಿದರೆ, ತಕ್ಕಡಿ ಅದರ ಕಡೆಗೆ ವಾಲುತ್ತದೆ. ಇನ್ನೊಂದು ಪಕ್ಷಪಾತ ನೋಡುವವರ ತಲೆಯೊಳಗಿನಿಂದ ಬರುತ್ತದೆ: ಅವರು ಏನನ್ನು ಹುಡುಕುತ್ತಿದ್ದಾರೆ, ಏನನ್ನು ನಿರೀಕ್ಷಿಸುತ್ತಿದ್ದಾರೆ ಎಂಬುದರಿಂದ. ತೋಟದಲ್ಲಿ ಅಲ್ಲಾಡದೆ ನಿಂತ ಆನೆಗೆ ಮೊದಲನೆಯ ನೆರವು ಇಲ್ಲ. ಎರಡನೆಯದು ಸಾಮಾನ್ಯವಾಗಿ ಅದರ ವಿರುದ್ಧವೇ ಕೆಲಸ ಮಾಡುತ್ತದೆ.

ಕೆಂಪು ಹಣ್ಣಿಗೆ ಹದಗೊಂಡ ಕಣ್ಣು

ನವೆಂಬರ್‌ನಿಂದ ಫೆಬ್ರುವರಿಯವರೆಗೆ ಕೊಯ್ಲಿನ ಕಾಲ. ಹಣ್ಣು ಕೊಯ್ಯುವವರ ಕಣ್ಣು ದಿನವಿಡೀ ಹಸಿರಿನ ನಡುವೆ ಕೆಂಪನ್ನು ಹುಡುಕುತ್ತದೆ. ಈ ಹುಡುಕಾಟ ಮಿದುಳನ್ನು ಹದಗೊಳಿಸುತ್ತದೆ: ಕೆಂಪು, ಚಿಕ್ಕದು, ಗುಂಡಗಿನದು, ಕೈಗೆಟಕುವಷ್ಟು ಹತ್ತಿರದ್ದು ಗೆಲ್ಲಬೇಕು, ಬೂದು, ದೊಡ್ಡದು, ದೂರದ್ದು ಸೋಲಬೇಕು. ಒಳ್ಳೆಯ ಕೊಯ್ಲುಗಾರರಾಗುವುದೆಂದರೆ ಈ ಪಕ್ಷಪಾತವನ್ನು ಚೆನ್ನಾಗಿ ರೂಢಿಸಿಕೊಳ್ಳುವುದು. ಆನೆಯ ಮಟ್ಟಿಗೆ ಅದೇ ಕುತ್ತು. ಹತ್ತು ವರ್ಷ ತೋಟದಲ್ಲಿ ದುಡಿದವರಿಗೂ ಕಾಣಲಿಲ್ಲವೇ ಎಂಬ ಪ್ರಶ್ನೆ ಇಲ್ಲಿ ತಲೆಕೆಳಗಾಗಿದೆ. ಹತ್ತು ವರ್ಷದ ರೂಢಿಯೇ ಆನೆಯನ್ನು ಹಿನ್ನೆಲೆಗೆ ತಳ್ಳಿರಬಹುದು.

ಇದು ಬರಿಯ ಊಹೆಯಲ್ಲ ಎನ್ನಲು ಎರಡು ಪ್ರಯೋಗಗಳು ಸಾಕು. ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಚಾಬ್ರಿಸ್ 1999ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಚೆಂಡು ಎಷ್ಟು ಬಾರಿ ಕೈ ಬದಲಾಯಿತು ಎಂದು ಎಣಿಸುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ, ಆಟಗಾರರ ನಡುವೆ ನಡೆದುಹೋದ ಗೊರಿಲ್ಲಾ ವೇಷಧಾರಿಯನ್ನು ಗಮನಿಸಲಿಲ್ಲ. ಹೆಚ್ಚು ಜನ ಮರೆಯುವ ವಿವರ ಇನ್ನೊಂದಿದೆ. ಕಪ್ಪು ಅಂಗಿಯ ತಂಡವನ್ನು ಎಣಿಸುತ್ತಿದ್ದವರು ಕಪ್ಪು ಗೊರಿಲ್ಲಾವನ್ನು ಹೆಚ್ಚಾಗಿ ಕಂಡರು; ಬಿಳಿ ಅಂಗಿಯ ತಂಡವನ್ನು ಎಣಿಸುತ್ತಿದ್ದವರು ಅದನ್ನು ಗಮನಿಸದೆ ಹೋದದ್ದೇ ಹೆಚ್ಚು. ಯಾವ ಬಣ್ಣವನ್ನು ಹುಡುಕುತ್ತಿದ್ದೀರಿ ಎಂಬುದರ ಮೇಲೆ ಯಾವ ಪ್ರಾಣಿ ಕಾಣುತ್ತದೆ ಎಂಬುದು ನಿಂತಿತ್ತು.

2013ರಲ್ಲಿ ಟ್ರಾಫ್ಟನ್ ಡ್ರೂ, ಜೆರೆಮಿ ವುಲ್ಫ್ ಮತ್ತು ಸಂಗಡಿಗರು ಇದನ್ನು ನುರಿತ ಕಣ್ಣುಗಳ ಮೇಲೆ ಪರೀಕ್ಷಿಸಿದರು. ಶ್ವಾಸಕೋಶದ ಸ್ಕ್ಯಾನ್‌ಗಳಲ್ಲಿ ಗಂಟುಗಳನ್ನು ಹುಡುಕುವುದೇ ವೃತ್ತಿಯಾಗಿದ್ದ 24 ರೇಡಿಯಾಲಜಿ ತಜ್ಞರಲ್ಲಿ 20 ಮಂದಿ, ಸ್ಕ್ಯಾನ್‌ನೊಳಗೆ ಸೇರಿಸಿದ್ದ ಗೊರಿಲ್ಲಾ ಚಿತ್ರವನ್ನು ಕಾಣಲಿಲ್ಲ. ಆ ಚಿತ್ರ ಸಾಮಾನ್ಯ ಗಂಟಿಗಿಂತ 48 ಪಟ್ಟು ದೊಡ್ಡದಿತ್ತು. ಕಣ್ಣಿನ ಚಲನೆಯನ್ನು ದಾಖಲಿಸಿ ನೋಡಿದಾಗ, ಅದನ್ನು ಕಾಣದೆ ಹೋದವರಲ್ಲಿ ಹೆಚ್ಚಿನವರ ದೃಷ್ಟಿ ನೇರವಾಗಿ ಅದರ ಮೇಲೆಯೇ ಬಿದ್ದಿತ್ತು. ಆ ವೈದ್ಯರನ್ನು ಯಾರೂ ಬೇಜವಾಬ್ದಾರರು ಎನ್ನಲಿಲ್ಲ. ಅದೇ ಮಿದುಳು, ಅದೇ ನಿಯಮ ಬೇಲೂರು ತಾಲ್ಲೂಕಿನ ಬಿಕ್ಕೋಡಿನ ತೋಟದಲ್ಲಿ ಕೂಲಿಗೆ ಹೋದವರಲ್ಲಿ ಕೆಲಸ ಮಾಡಿದಾಗ ಮಾತ್ರ ನಾವು ಉದಾಸೀನದ ಹೆಸರು ಕೊಡುತ್ತೇವೆ. ಇದು ನ್ಯಾಯವಲ್ಲ.

ತಜ್ಞರ ನಡುವಿನ ತಕರಾರು

ಎಲ್ಲವೂ ಇತ್ಯರ್ಥವಾಗಿದೆ ಎಂದೇನಲ್ಲ. ದಟ್ಟಣೆಯ ಪರಿಣಾಮಕ್ಕೆ ಗಮನವೇ ಕಾರಣ ಎಂದು ಒಂದು ಪಂಥ ಹೇಳುತ್ತದೆ: ಕಣ್ಣು ಬಿಡಿಬಿಡಿಯಾಗಿ ಹಿಡಿದದ್ದನ್ನೂ ಗಮನ ಅಷ್ಟು ಸಣ್ಣದಾಗಿ ಆರಿಸಿಕೊಳ್ಳಲಾರದು. ಇನ್ನೊಂದು ಪಂಥದ ಪ್ರಕಾರ ಗಮನ ಬರುವ ಮೊದಲೇ, ಬದಿಯ ನೋಟದ ವಿವರಗಳು ಒಂದರೊಳಗೊಂದು ಬೆರೆತುಹೋಗಿರುತ್ತವೆ. ಕಾಣಲೇ ಇಲ್ಲ ಎಂಬ ಮಾತಿನ ಬಗ್ಗೆಯೂ ತಕರಾರಿದೆ. ಇತ್ತೀಚಿನ ಪ್ರಯೋಗಗಳಲ್ಲಿ ಏನೂ ಕಾಣಲಿಲ್ಲ ಎಂದವರನ್ನು, ಅದು ಯಾವ ಬದಿಯಲ್ಲಿತ್ತು ಎಂದು ಸುಮ್ಮನೆ ಊಹಿಸಲು ಕೇಳಿದಾಗ, ಬರಿಯ ಅದೃಷ್ಟದಿಂದ ಸಿಗಬಹುದಾದದ್ದಕ್ಕಿಂತ ಹೆಚ್ಚು ಸರಿಯುತ್ತರಗಳು ಬಂದಿವೆ. ಮಿದುಳಿನ ಎಲ್ಲೋ ಒಂದು ಮೂಲೆಗೆ ಸುದ್ದಿ ತಲುಪಿರುತ್ತದೆ, ಆದರೆ ಹೆಜ್ಜೆಯನ್ನು ನಿಲ್ಲಿಸುವಷ್ಟು ಬಲವಾಗಿ ಅಲ್ಲ.

ತೋಟದ ಮಟ್ಟಿಗೆ ಈ ತಕರಾರಿಗೆ ಒಂದು ಪ್ರಾಯೋಗಿಕ ಅರ್ಥವಿದೆ. ಮೊದಲ ಪಂಥ ಸರಿಯಾಗಿದ್ದರೆ ‘ಎಡಗಡೆ ನೋಡಿ’ ಎಂಬ ಸೂಚನೆಯೇ ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ. ಎರಡನೆಯದು ಸರಿಯಾಗಿದ್ದರೆ ಗಮನವಿಟ್ಟರೆ ಸಾಲದು, ಕಣ್ಣನ್ನೇ ಆ ಕಡೆಗೆ ತಿರುಗಿಸಬೇಕು. ಜೀವದ ಪ್ರಶ್ನೆಯಾದ್ದರಿಂದ ಎರಡನೆಯದನ್ನೇ ನಂಬಿ ನಡೆಯುವುದು ಕ್ಷೇಮ.

ಬೆಳಕಿನ ವಿಷಯದಲ್ಲಿ ತಕರಾರಿಲ್ಲ. ನಸುಕಿನ ಮಬ್ಬಿನಲ್ಲಿ ಕಣ್ಣಿನ ನಡುಭಾಗದ, ಬಣ್ಣ ಹಿಡಿಯುವ ಕೋಶಗಳು ಸೊರಗುತ್ತವೆ. ಕತ್ತಲೆಗೆ ಹೊಂದಿಕೊಳ್ಳುವ ಕೋಶಗಳು ಆ ನಡುಭಾಗದಲ್ಲಿ ಇರುವುದೇ ಇಲ್ಲ. ಅವು ಇರುವುದು ಬದಿಯ ನೋಟದಲ್ಲಿ. ಅಂದರೆ ಮಂಜು ಕವಿದ ಬೆಳಗಿನ ಆರು ಗಂಟೆಗೆ ಲೈನ್ ಮನೆಯಿಂದ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯಿಂದ, ಹೊರಟವರು, ದಟ್ಟಣೆ ಅತಿ ಹೆಚ್ಚು ಕಾಡುವ ಭಾಗವನ್ನೇ ನಂಬಿ ನಡೆಯಬೇಕಾಗುತ್ತದೆ. ಬೈಕಿನ ಹೆಡ್‌ಲೈಟ್‌ನ ಬೆಳಕಿನಿಂದ ತೋಟದೊಳಗೆ ಕಾಲಿಟ್ಟರೆ ಕಣ್ಣು ಮತ್ತೆ ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು.

ದಿನವೂ ಬರುವ ಸಂದೇಶ, ದಿನವೂ ಬಾರದ ಆನೆ

ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಸಿಬ್ಬಂದಿ ಹಿಂಡುಗಳ ಹಿಂದೆ ಓಡಾಡುತ್ತಾರೆ. ಕೆಲವು ಹಿಂಡುಗಳ ಆನೆಗಳಿಗೆ ರೇಡಿಯೊ ಕಾಲರ್ ಇದೆ. ಮೊಬೈಲ್ ಸಂದೇಶ, ವಾಟ್ಸ್‌ಆ್ಯಪ್ ಗುಂಪು, ರಸ್ತೆ ಬದಿಯ ಡಿಸ್‌ಪ್ಲೇ ಬೋರ್ಡ್‌ಗಳ ಮೂಲಕ ಎಚ್ಚರಿಕೆ ಹೊರಡುತ್ತದೆ. ಈ ಕೆಲಸದಲ್ಲಿ ತೊಡಗಿರುವವರ ಶ್ರಮ ಮತ್ತು ಅವರು ಎದುರಿಸುವ ಅಪಾಯ ದೊಡ್ಡದು. ಇಷ್ಟಾದರೂ ಜನ ಎಚ್ಚರಿಕೆಯಿಂದ ಇರುವುದಿಲ್ಲ ಎಂಬ ಇಲಾಖೆಯ ಕಡೆಯ ಬೇಸರ ಅರ್ಥವಾಗುವಂಥದ್ದೇ. ತೋಟದ ಮಾಲೀಕರ ವಾದ ಇನ್ನೊಂದು: ಸಂದೇಶ ಬಂದಾಗಲೆಲ್ಲ ಕೆಲಸ ನಿಲ್ಲಿಸಿದರೆ ಹಣ್ಣು ಉದುರಿಹೋಗುತ್ತದೆ, ಆನೆಗಳನ್ನು ಹಿಡಿದು ಸಾಗಿಸುವುದೊಂದೇ ದಾರಿ. ಕಾರ್ಮಿಕರ ಕಡೆಯಿಂದ ನೋಡಿದರೆ, ಹೋಗದಿದ್ದ ದಿನದ ಕೂಲಿಯನ್ನು ಯಾರೂ ಕೊಡುವುದಿಲ್ಲ. ಮೂರೂ ಕಡೆಯವರು ಒಂದು ವಿಷಯವನ್ನು ಮಾತ್ರ ಪ್ರಶ್ನಿಸದೆ ಒಪ್ಪಿಕೊಂಡಿದ್ದಾರೆ. ಎಚ್ಚರಿಕೆ ತಲುಪಿದರೆ ಆನೆ ಕಾಣುತ್ತದೆ ಎಂಬುದೇ ಆ ನಂಬಿಕೆ.

ಜೆರೆಮಿ ವುಲ್ಫ್ ಮತ್ತು ಸಂಗಡಿಗರು 2005ರಲ್ಲಿ ಮಾಡಿದ ಪ್ರಯೋಗ ಈ ನಂಬಿಕೆಯನ್ನು ಅಲುಗಾಡಿಸುತ್ತದೆ. ಒತ್ತೊತ್ತಾಗಿ ತುಂಬಿದ ಚಿತ್ರಗಳಲ್ಲಿ ಒಂದು ಬಗೆಯ ವಸ್ತುವನ್ನು ಹುಡುಕಬೇಕು. ಅರ್ಧದಷ್ಟು ಚಿತ್ರಗಳಲ್ಲಿ ಅದು ಇದ್ದಾಗ ಜನ ಅದನ್ನು ಕಾಣದೆ ಹೋದದ್ದು ಶೇಕಡಾ 7ರಷ್ಟು ಬಾರಿ. ನೂರರಲ್ಲಿ ಒಂದು ಚಿತ್ರದಲ್ಲಿ ಮಾತ್ರ ಇದ್ದಾಗ ಅದು 30 ಶೇಕಡಾಕ್ಕೆ ಏರಿತು. ಅಪರೂಪದ್ದನ್ನು ಹುಡುಕುವಾಗ ಮಿದುಳು ಬೇಗ ಕೈಬಿಡುತ್ತದೆ. ಇದು ಸೋಮಾರಿತನ ಅಲ್ಲ. ತೊಂಬತ್ತೊಂಬತ್ತು ಬಾರಿ ಇಲ್ಲ ಎಂಬುದೇ ಸರಿಯುತ್ತರವಾಗಿದ್ದಾಗ ಮಿದುಳು ಕಲಿಯುವ ಪಾಠ.

ಹೋಬಳಿಯ ಹೆಸರು ಹೇಳಿ ‘ಈ ಭಾಗದಲ್ಲಿ ಆನೆಗಳಿವೆ, ಎಚ್ಚರ’ ಎಂದು ಪ್ರತಿದಿನ ಬರುವ ಸಂದೇಶ ಇದೇ ಪಾಠವನ್ನು ಕಲಿಸುತ್ತದೆ. ಅರೇಹಳ್ಳಿ ಸುತ್ತಿನ ನೂರಾರು ಜನರಿಗೆ ಸಂದೇಶ ತಲುಪುತ್ತದೆ, ಅವರಲ್ಲಿ ಬಹುತೇಕರು ಆ ದಿನ ಆನೆಯನ್ನು ನೋಡದೆ ಮನೆಗೆ ಮರಳುತ್ತಾರೆ. ಮರುದಿನದ ಸಂದೇಶದ ತೂಕ ಅಷ್ಟು ಕಡಿಮೆಯಾಗುತ್ತದೆ. ಅದೂ ಅಲ್ಲದೆ ಈಗ ತೋಟಗಳಲ್ಲಿ ಅಸ್ಸಾಂನಂಥ ದೂರದ ರಾಜ್ಯಗಳಿಂದ ಬಂದವರು ಬಹಳ ಮಂದಿ ದುಡಿಯುತ್ತಿದ್ದಾರೆ. ಕನ್ನಡದ ಸಂದೇಶ ಅವರ ಮೊಬೈಲಿಗೆ ಬಂದರೂ ಮನಸ್ಸಿಗೆ ಬಾರದು.

ತಮಿಳುನಾಡಿನ ವಾಲ್ಪಾರೈಯಲ್ಲಿ ಮೊಬೈಲ್ ಸಂದೇಶ ಮತ್ತು ಎತ್ತರದ ಜಾಗದ ಕೆಂಪು ದೀಪಗಳಿಂದ ಉಪಯೋಗವಾಗಿದೆ, ಇಲ್ಲಿ ಯಾಕೆ ಆಗದು ಎಂದು ಕೇಳುವವರಿದ್ದಾರೆ. ವಾಲ್ಪಾರೈಯ ಬಹುಭಾಗ ಚಹಾ ತೋಟ. ಚಹಾ ಗಿಡ ಸೊಂಟದೆತ್ತರ, ಮೇಲೆ ಮರಗಳು ವಿರಳ. ಎಚ್ಚರಿಕೆ ಸಿಕ್ಕವರು ತಲೆಯೆತ್ತಿದರೆ ಹಸಿರು ಹಾಸಿನ ಮೇಲೆ ಆನೆ ಒಂಟಿಯಾಗಿ, ಇಡಿಯಾಗಿ ಕಾಣುತ್ತದೆ. ಅದರೊಡನೆ ಪೈಪೋಟಿಗೆ ನಿಲ್ಲುವ ವಸ್ತು ಹತ್ತಿರದಲ್ಲಿ ಇರುವುದಿಲ್ಲ. ಕಾಫಿಗೆ ನೆರಳು ಬೇಕು. ಆದ್ದರಿಂದ ಅಲ್ಲಿ ಕೆಲಸ ಮಾಡಿದ ಎಚ್ಚರಿಕೆ ಇಲ್ಲಿ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಉಳಿದರ್ಧಕ್ಕೆ ಬೇರೆ ಏರ್ಪಾಡು ಬೇಕು.

ಮುಂದಿನ ಕೊಯ್ಲಿಗೆ ಮೊದಲು

ಆನೆಗಳನ್ನು ಸಾಗಿಸಬೇಕೇ, ಕಾರಿಡಾರ್ ಉಳಿಸಬೇಕೇ, ರೈಲು ಕಂಬಿಯ ಬೇಲಿ ಎಲ್ಲಿಯವರೆಗೆ ಎಂಬ ದೊಡ್ಡ ಚರ್ಚೆಗಳು ಮುಗಿಯಲು ವರ್ಷಗಳು ಬೇಕು. ಅಲ್ಲಿಯವರೆಗೆ ಪ್ರತಿ ಬೆಳಿಗ್ಗೆ ಸಾವಿರಾರು ಜನ ಗಿಡಗಳ ನಡುವೆ ಕಾಲಿಡುತ್ತಲೇ ಇರುತ್ತಾರೆ. ಪೈಪೋಟಿಯ ಲೆಕ್ಕಾಚಾರದಿಂದ ನೋಡಿದರೆ ಕೆಲವು ಬದಲಾವಣೆಗಳು ದುಬಾರಿಯೂ ಅಲ್ಲ, ಕಷ್ಟವೂ ಅಲ್ಲ.

ಮೊದಲನೆಯದು, ನೋಡುವ ಕೆಲಸವನ್ನು ಕೊಯ್ಯುವ ಕೆಲಸದಿಂದ ಬೇರ್ಪಡಿಸುವುದು. ಹತ್ತು ಜನರ ಗುಂಪಿನಲ್ಲಿ ಒಬ್ಬರ ಹೆಗಲಿಗೆ ಚೀಲ ಇರಬಾರದು. ಅವರು ಹಣ್ಣು ಹುಡುಕಬಾರದು, ದಾರಿ ನೋಡುವ ಅವಸರವೂ ಅವರಿಗೆ ಇರಬಾರದು. ಮರಗಳ ಸಾಲನ್ನು ನೋಡುವುದೇ ಅವರ ಕೂಲಿ. ಹತ್ತೂ ಜನ ಎಚ್ಚರವಾಗಿರಿ ಎಂದು ಹೇಳುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಹತ್ತು ಜನರ ಕಣ್ಣು ಕೆಂಪಿಗೆ ಹದಗೊಂಡಿರುವಾಗ ಬೂದು ಬಣ್ಣಕ್ಕೆ ಹದಗೊಂಡ ಒಂದು ಜೋಡಿ ಕಣ್ಣು ಹೆಚ್ಚು ಬೆಲೆಯುಳ್ಳದ್ದು. ಈ ಒಬ್ಬರನ್ನು ಗಂಟೆ ಗಂಟೆಗೆ ಬದಲಿಸುವುದೂ ಅಗತ್ಯ, ಏಕೆಂದರೆ ಏನೂ ಕಾಣದ ಕಾವಲು ಬೇಗ ಮಂಕಾಗುತ್ತದೆ. ಒಬ್ಬರ ಕೂಲಿಯ ಹೆಚ್ಚುವರಿ ಹೊರೆಯನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಏಳುತ್ತದೆ. ಸಾವಿನ ನಂತರ ಪರಿಹಾರ ಕೊಡುವ ಸರ್ಕಾರ, ಸಾವಿನ ಮೊದಲು ಈ ಕೂಲಿಯ ಒಂದು ಪಾಲನ್ನು ಹೊರುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ವಿವೇಕದ ಖರ್ಚು.

ಎರಡನೆಯದು ಇನ್ನೂ ಸರಳ: ನಿಂತು ನೋಡುವುದು. ನಡೆಯುವಾಗ ಕಣ್ಣೆದುರಿನ ಮರ, ಗಿಡ, ನೆರಳು ಎಲ್ಲವೂ ಸರಿಯುತ್ತಿರುತ್ತವೆ. ಆ ಚಲನೆಯಲ್ಲಿ ಆನೆಯ ಕಿವಿಯ ಅಲುಗಾಟ ಮುಳುಗಿಹೋಗುತ್ತದೆ. ನಿಂತರೆ ತೋಟ ಸ್ತಬ್ಧವಾಗುತ್ತದೆ, ಅಲುಗುವುದು ಕಿವಿಯೋ ಬಾಲವೋ ಮಾತ್ರ. ಹಾಗೆ ನಿಂತಾಗ ಇಡೀ ತೋಟವನ್ನು ಒಟ್ಟಿಗೆ ದಿಟ್ಟಿಸುವ ಬದಲು ಎಡದಿಂದ ಬಲಕ್ಕೆ ಒಂದೊಂದೇ ತುಂಡಾಗಿ ನೋಡಬೇಕು. ಕಾಸ್ಟ್ನರ್ ಪ್ರಯೋಗದಲ್ಲಿ ಒಟ್ಟಿಗೆ ಬಂದು ಒಂದನ್ನೊಂದು ಅದುಮಿದ ಚಿತ್ರಗಳು ಒಂದೊಂದಾಗಿ ಬಂದಾಗ ಚೇತರಿಸಿಕೊಂಡಂತೆ, ಇಲ್ಲಿಯೂ ಆಗಬಹುದೆಂಬುದು ನನ್ನ ಊಹೆ. ತೋಟದಲ್ಲಿ ಪರೀಕ್ಷಿಸಿ ನೋಡಲು ಯೋಗ್ಯವಾದ ಊಹೆ.

ಸಂದೇಶದ ವಿಷಯದಲ್ಲಿ, ಎಲ್ಲರಿಗೂ ಹೋಗುವ ಹತ್ತು ಎಚ್ಚರಿಕೆಗಳಿಗಿಂತ ಯಾವ ಎಸ್ಟೇಟಿನ ಯಾವ ಕೆರೆಯ ಬದಿ, ಎಷ್ಟು ಹೊತ್ತಿಗೆ, ಎಷ್ಟು ಆನೆ, ಒಂಟಿ ಸಲಗವೋ ಮರಿಯಿರುವ ಹಿಂಡೋ ಎಂದು ಹೇಳುವ ಒಂದು ಎಚ್ಚರಿಕೆ ಹೆಚ್ಚು ಕಾಣಿಸುತ್ತದೆ. ಏನನ್ನು, ಎಲ್ಲಿ ನೋಡಬೇಕೆಂದು ತಿಳಿದಾಗಲೇ ತಕ್ಕಡಿ ಆನೆಯ ಕಡೆಗೆ ವಾಲುವುದು. ಕಾಲರ್ ಇರುವ ಹಿಂಡುಗಳ ವಿಷಯದಲ್ಲಿ ಇದು ಈಗಲೇ ಸಾಧ್ಯ. ಕಾಲರ್ ಇಲ್ಲದ ಒಂಟಿ ಸಲಗಗಳ ವಿಷಯದಲ್ಲಿ ತೋಟದ ಲೆಕ್ಕ ಮತ್ತು ಕೆಲಸ ನೋಡಿಕೊಳ್ಳುವ ರೈಟರ್ ಮತ್ತು ಮೇಸ್ತ್ರಿಗಳಿಂದ ಬರುವ ಮಾಹಿತಿಯೇ ಆಧಾರ. ಅದನ್ನು ಕೆಲಸಗಾರರ ಭಾಷೆಯಲ್ಲಿ, ಧ್ವನಿ ಸಂದೇಶವಾಗಿ ಕಳುಹಿಸುವುದು ಕಷ್ಟವಲ್ಲ.

ಕೊನೆಗೆ, ದಾರಿಯ ಅಂಚು. ಇಡೀ ತೋಟದ ನೆರಳನ್ನು ಕಡಿಯಲು ಯಾವ ಬೆಳೆಗಾರರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡುವ ಸಮಯದಲ್ಲಿಯೇ ಲೈನ್ ಮನೆಯಿಂದ ಕಣದವರೆಗಿನ, ಕಣದಿಂದ ರಸ್ತೆಯವರೆಗಿನ ಕಾಲುದಾರಿಯ ಎರಡೂ ಬದಿಯ ಗಿಡಗಂಟಿಯನ್ನು ಸವರಿ, ತಗ್ಗಿನ ಕೊಂಬೆಗಳನ್ನು ತೆಗೆದರೆ ಸಾಕು. ಎಷ್ಟು ಅಗಲಕ್ಕೆ ಎಂಬುದು ಸ್ಥಳ ನೋಡಿ ನಿರ್ಧರಿಸಬೇಕಾದ ವಿಷಯ. ಮೈಸವರುವಷ್ಟು ಇಕ್ಕಟ್ಟಿನ ದಾರಿಯಲ್ಲಿ ಬೂದು ಕಾಲೊಂದು ಹತ್ತು ಕಾಂಡಗಳ ನಡುವೆ ಕರಗುತ್ತದೆ; ಎರಡೂ ಬದಿಗೆ ನಾಲ್ಕು ಮಾರು ತೆರವಾದ ದಾರಿಯಲ್ಲಿ ಅದೇ ಕಾಲು ದೂರದಿಂದಲೇ ಬೇರೆಯಾಗಿ ನಿಲ್ಲುತ್ತದೆ. ಈ ವರ್ಷದ ಮರಗಸಿ ಮುಗಿಯುವ ಮೊದಲೇ ಈ ಕೆಲಸ ಆಗಬೇಕು, ಏಕೆಂದರೆ ಹಣ್ಣು ಕೆಂಪಾದ ಮೇಲೆ ಯಾರ ಕೈಗೂ ಬಿಡುವಿರುವುದಿಲ್ಲ.